ಅಮ್ಮನ ಎಡಗಡೆ ಕೂತವಳು

"ದನಿ ತಗದು ಓದು, ಕೇಳ್ಸವಲ್ದು," ಅಂದಳು ಅಮ್ಮ ನಾಗವೇಣಿ, ಹೊಲಿಗೆ ಮಿಷಿನ್ನಿನಿಂದ ತಲೆ ಎತ್ತದೆ.

ತನುಶ್ರೀ ದನಿ ಜೋರು ಮಾಡಿದಳು. ಐದನೇ ಕ್ಲಾಸಿನ ತೆಲುಗು ಪದ್ಯ ಅವಳಿಗೆ ಬಾಯಿಪಾಠ. ಬಾಯಿ ಪದ್ಯ ಹೇಳುತ್ತಿತ್ತು, ಬೆರಳು ಅಪ್ಪನ ಮೊಬೈಲಿನಲ್ಲಿ ಗೇಮ್ ಆಡುತ್ತಿತ್ತು. ಮೊಬೈಲು ಅಮ್ಮನಿಂದ ಒಂದು ಮಾರು ದೂರ ಕೂಡ ಇರಲಿಲ್ಲ. ಆದರೆ ತನುಶ್ರೀ ಕೂತದ್ದು ಅಮ್ಮನ ಎಡಗಡೆ. ಪಕ್ಕದಲ್ಲಿ ಕೂತರೆ ಅಮ್ಮನಿಗೆ ಕಾಣುವುದಿಲ್ಲ ಅನ್ನೋ ಗುಟ್ಟು ಆಂಧ್ರ ಗಡಿಯ ಆ ಇಡೀ ರಾಯದುರ್ಗದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಅದು ಗೊತ್ತಾದದ್ದು ದಸರಾ ರಜೆಯಲ್ಲಿ. ಅಮ್ಮನ ಪಕ್ಕದ ತಟ್ಟೆಯಿಂದ ಎರಡನೇ ಕಜ್ಜಾಯ ಎತ್ತಿದರೂ ಬೈಗುಳ ಬರಲಿಲ್ಲ. ಮೂರನೆಯದನ್ನೂ ಎತ್ತಿದಳು. ಆಮೇಲೆ ನಾಲಿಗೆ ಚಾಚಿ ನೋಡಿದಳು, ಕೈ ಬೀಸಿ ನೋಡಿದಳು. ಬಲಗಡೆ ಹೋಗಿ ನೋಡಿದರೆ ಅಲ್ಲೂ ಹಾಗೇ. ಇಷ್ಟು ಬುದ್ಧಿಯನ್ನು ಗಣಿತದಲ್ಲಿ ತೋರಿಸಿದ್ದರೆ ಮೇಷ್ಟ್ರು ಹೆಗಲ ಮೇಲೆ ಹೊತ್ತು ಮೆರೆಸುತ್ತಿದ್ದರು. ಅವಳು ಅದನ್ನು ಗೇಮಿಗೆ ಬಳಸಿಕೊಂಡಳು.

ಅಮ್ಮನಿಗೆ ಎರಡು ವರ್ಷದಿಂದ ಥೈರಾಯ್ಡ್. ಕತ್ತು ಊದಿತ್ತು, ಮೈ ಸೊರಗಿತ್ತು. ಸಂಕ್ರಾಂತಿಯ ಚಳಿಯಲ್ಲೂ ಬೆವರುತ್ತಿದ್ದಳು. ಜೀನ್ಸ್ ಪ್ಯಾಂಟುಗಳಿಗೆ ಜೇಬು ಹೊಲಿಯುವುದು ಅವಳ ಕೆಲಸ. ಕೈ ನಡುಗಿ ಹೊಲಿಗೆ ಸೊಟ್ಟಗಾಗುತ್ತಿತ್ತು, ಪ್ಯಾಂಟಿನ ಗಂಟು ವಾಪಸ್ ಬರುತ್ತಿತ್ತು. ಆ ಸಿಟ್ಟೆಲ್ಲ ತನುಶ್ರೀಯ ಬೆನ್ನ ಮೇಲೆ ಇಳಿಯುತ್ತಿತ್ತು. ನೀರು ಚೆಲ್ಲಿದರೆ ಏಟು, ಬಾಗಿಲು ಸದ್ದಾದರೆ ಏಟು. ಹೊಡೆಸಿಕೊಂಡ ದಿನ ಗೇಮ್ ಇನ್ನೂ ರುಚಿಯಾಗಿರುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಪಕ್ಕದ ಮನೆಯ ದ್ರಾಕ್ಷಾಯಣಮ್ಮನ ಮೊಮ್ಮಗುವಿಗೆ ತೊಟ್ಟಿಲು ಶಾಸ್ತ್ರ ಇತ್ತು. ಆ ಓಣಿಯಲ್ಲಿ ಒಂದು ಪದ್ಧತಿ. ಹೆಂಗಸರು ಹೊರಡುವಾಗ ಮನೆಯಾಕೆ ಕುಂಕುಮದ ತಟ್ಟೆ ಹಿಡಿದು ಬಾಗಿಲ ಪಕ್ಕ ನಿಲ್ಲುತ್ತಾಳೆ. ಹೆಸರು ಹಿಡಿದು ಕರೆಯುವುದಿಲ್ಲ. ಹೊರಟವರೇ ತಿರುಗಿ ಹಣೆ ಒಡ್ಡಬೇಕು. ಒಡ್ಡದೆ ಹೋದರೆ ಮಗುವಿಗೆ ಒಳ್ಳೆಯದಲ್ಲ ಅನ್ನುತ್ತಾರೆ.

ನಾಗವೇಣಿ ನೇರ ನಡೆದು ಹೊರಗೆ ಹೋದಳು. ದ್ರಾಕ್ಷಾಯಣಮ್ಮನ ಕುಂಕುಮದ ಬೆರಳು ಗಾಳಿಯಲ್ಲೇ ಉಳಿಯಿತು. ಹಿಂದೆ ಬರುತ್ತಿದ್ದ ತನುಶ್ರೀ ಎಲ್ಲವನ್ನೂ ನೋಡಿದಳು. ಅಮ್ಮನ ಸೆರಗು ಕೈಗೆ ಸಿಗುವಷ್ಟು ಹತ್ತಿರ ಇತ್ತು. ಎಳೆಯಲಿಲ್ಲ.

ಸಂಜೆಯೊಳಗೆ ಓಣಿಯೆಲ್ಲ ಒಂದೇ ಮಾತು, ನಾಗವೇಣಿಗೆ ಸೊಕ್ಕು ಬಂದಿದೆ. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ಇತ್ತ ಮನೆಯಲ್ಲಿ ನಾಗವೇಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

"ಎಲ್ಲಾರಿಗೂ ಕುಂಕುಮ ಕೊಟ್ಟು, ನಾ ಹೊರಟಾಗ ಬಾಗಲದಾಗ ನಿಲ್ಲಲೇ ಇಲ್ಲ. ನಾ ಏನ್ ಮಾಡೀನಿ ಆಕೀಗೆ?"

ತನುಶ್ರೀ ಬಾಯಿ ತೆರೆದಳು. ಅವರು ನಿಂತಿದ್ದರು ಅಮ್ಮ, ನಿನಗೆ ಕಾಣಲಿಲ್ಲ ಅನ್ನಬೇಕಿತ್ತು. ಆದರೆ ನಿನಗೆ ಹೇಗೆ ಗೊತ್ತು ಎಂದು ಅಮ್ಮ ಕೇಳೇ ಕೇಳುತ್ತಾಳೆ. ಆಗ ಮೊಬೈಲು ಕಪಾಟು ಸೇರುತ್ತದೆ, ಏಟು ಬೇರೆ. ತೆರೆದ ಬಾಯಿ ಮುಚ್ಚಿಕೊಂಡಿತು. ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು.

ಯುಗಾದಿಗೆ ನಾಲ್ಕು ದಿನ ಇರುವಾಗ, ಬಸ್‌ಸ್ಟ್ಯಾಂಡ್ ಹತ್ತಿರ ರಸ್ತೆ ದಾಟುತ್ತಿದ್ದ ನಾಗವೇಣಿಗೆ ಎಡಗಡೆಯಿಂದ ಬೈಕು ಬಡಿಯಿತು. ಹಾರ್ನ್ ಹೊಡೆದರೂ ಆಯಮ್ಮ ನೋಡಲಿಲ್ಲ ಅಂತ ಬೈಕಿನವನೇ ಅಳುತ್ತಿದ್ದ. ಕಾಲಿನ ಮೂಳೆ ಬಿರುಕು ಬಿಟ್ಟಿತ್ತು. ಅಪ್ಪ ಹನುಮೇಶ್ ತನ್ನ ಆಟೋದಲ್ಲೇ ಬಳ್ಳಾರಿಗೆ ಕರೆದುಕೊಂಡು ಹೋದ. ಅಜ್ಜಿ ಉಜ್ಜಿನಮ್ಮ, ತನುಶ್ರೀ ಇಬ್ಬರೂ ಜೊತೆಗೆ ಹೋದರು.

ಅಲ್ಲಿನ ಡಾಕ್ಟರಮ್ಮ ಕಾಲಿಗೆ ಪಟ್ಟಿ ಹಾಕಿಸಿ ಸುಮ್ಮನಾಗಲಿಲ್ಲ. ರಕ್ತದ ರಿಪೋರ್ಟು ಹಿಡಿದು ಎರಡು ಸಲ ಓದಿದರು. ಅಮ್ಮನ ಎದುರು ಸ್ಟೂಲಿನ ಮೇಲೆ ಕೂತು, ನನ್ನ ಮೂಗನ್ನೇ ನೋಡ್ರಿ ಅಂದು, ಎರಡು ಪಕ್ಕದಿಂದ ಬೆರಳು ಆಡಿಸುತ್ತ ಬಂದರು.

"ಬೆರಳು ಕಾಣ್ತದೇನ್ರಿ?"

"ಇಲ್ರಿ."

"ಈಗ?"

"ಇಲ್ರಿ."

ಬೆರಳು ಹತ್ತಿರ ಹತ್ತಿರ ಮುಖದ ಮುಂದಕ್ಕೇ ಬಂದಾಗ ಅಮ್ಮ ಹೂಂ ಅಂದಳು. ತನುಶ್ರೀ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಇದೇ ಪರೀಕ್ಷೆಯನ್ನು ಅವಳು ಆಗಲೇ ಮಾಡಿದ್ದಳು, ನಾಲಿಗೆ ಚಾಚಿ.

ಯಾವಾಗಿನಿಂದ ಹೀಗೆ ಎಂದು ಡಾಕ್ಟರಮ್ಮ ಕೇಳಿದರು. ಅಮ್ಮನಿಗೆ ಗೊತ್ತಿರಲಿಲ್ಲ. ಎಲ್ಲರಿಗೂ ಇಷ್ಟೇ ಕಾಣುತ್ತದೆ ಅಂದುಕೊಂಡಿದ್ದಳಂತೆ. ನಿಧಾನವಾಗಿ ಮಸುಕಾದರೆ ಕಳೆದುಕೊಂಡವರಿಗೇ ತಿಳಿಯುವುದಿಲ್ಲ, ಅದು ಸಹಜ ಅಂದರು ಡಾಕ್ಟರಮ್ಮ. ಮತ್ತೆ ಅಪ್ಪನ ಕಡೆ ತಿರುಗಿದರು. ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ?

ಇಲ್ರಿ ಅಂದ ಅಪ್ಪ. ತನುಶ್ರೀ ಚಪ್ಪಲಿ ನೋಡಿಕೊಂಡಳು.

ತಲೆಯ ಸ್ಕ್ಯಾನ್ ಆದ ಮೇಲೆ ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಕತ್ತಿನ ಥೈರಾಯ್ಡ್ ಗ್ರಂಥಿ ಕೂಲಿಯವನಿದ್ದ ಹಾಗೆ. ಅದರ ಮೇಸ್ತ್ರಿ ಇರುವುದು ಮಿದುಳಿನ ಕೆಳಗೆ, ಕಡಲೆಕಾಳಿನಷ್ಟು ಸಣ್ಣ ಗ್ರಂಥಿ. ಕೆಲಸ ಸಾಕಾದಾಗ ಮೇಸ್ತ್ರಿ ನಿಲ್ಲಿಸು ಅನ್ನಬೇಕು. ನಾಗವೇಣಿಯ ತಲೆಯ ಮೇಸ್ತ್ರಿಯೊಳಗೆ ಒಂದು ಗಡ್ಡೆ ಬೆಳೆದಿದೆ. ಅದು ಹಗಲೂ ರಾತ್ರಿ ಮಾಡು, ಮಾಡು ಅಂತಲೇ ಹುಕುಂ ಕಳಿಸುತ್ತಿದೆ. ಎದೆ ಹೊಡೆದುಕೊಳ್ಳುವುದು, ಬೆವರು, ನಡುಕ, ಆ ಸಿಟ್ಟು ಕೂಡ ಅದರದೇ ಕಿತಾಪತಿ. ಗಡ್ಡೆ ದೊಡ್ಡದಾಗಿ ಕಣ್ಣಿನ ನರವನ್ನೂ ಒತ್ತುತ್ತಿದೆ.

"ಎರಡು ವರ್ಷ ಕೊಟ್ಟ ಗುಳಿಗೆ ಎಲ್ಲಾ ಕತ್ತಿಗೇ ಕೊಟ್ಟಿದ್ದೇನ್ರಿ?" ಅಂತ ಅಪ್ಪ ಕೇಳಿದ.

ಡಾಕ್ಟರಮ್ಮ ಹೌದೆಂದರು. ಇದು ಬಹಳ ಅಪರೂಪದ ಕಾಯಿಲೆ, ಮೊದಲು ನೋಡಿದವರಿಗೆ ಹೊಳೆದಿರಲಿಕ್ಕಿಲ್ಲ ಅಂದರು. ಅಜ್ಜಿ ಒಪ್ಪಲಿಲ್ಲ.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತಲ್ಲವ್ವಾ," ಅಂದು ಮೂಗು ಒರೆಸಿಕೊಂಡಳು.

ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು, ಮೆಲ್ಲಗೆ. "ಒಂದ್ ಆರು ತಿಂಗಳ ಮೊದ್ಲ ಬಂದಿದ್ರ ಕಣ್ಣಿಗೆ ಚಲೋ ಇತ್ತು."

ಆರು ತಿಂಗಳ ಹಿಂದೆ ಅಂದರೆ ದಸರಾ.

ಆಪರೇಷನ್ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಆಯಿತು. ಅದಕ್ಕೆ ಮೊದಲು ಕೆಲವು ವಾರ ಇಂಜೆಕ್ಷನ್ ಕೊಟ್ಟು ಥೈರಾಯ್ಡಿನ ಆರ್ಭಟ ಇಳಿಸಿದರು. ತಲೆ ಕೊಯ್ಯಲಿಲ್ಲ. ಮೂಗಿನ ಮೂಲಕವೇ ಸಲಕರಣೆ ಕಳಿಸಿ ಗಡ್ಡೆ ತೆಗೆದರು. ನಾಗವೇಣಿ ಮನೆಗೆ ಬಂದಾಗ ಎದೆಬಡಿತ ನೆಟ್ಟಗಾಗಿತ್ತು, ಕೈ ನಡುಗುತ್ತಿರಲಿಲ್ಲ. ಬಲಗಡೆ ಹೆಚ್ಚುಕಡಿಮೆ ಪೂರ್ತಿ ಕಾಣತೊಡಗಿತ್ತು. ಎಡಗಡೆ ಕಾಣಲಿಲ್ಲ. ಇನ್ನು ಅಷ್ಟೇ ಇರಬಹುದು ಎಂದು ಬೆಂಗಳೂರಿನವರು ಹೇಳಿ ಕಳಿಸಿದ್ದರು.

ಕಣ್ಣಿನ ಸುದ್ದಿ ತಿಳಿದು ದ್ರಾಕ್ಷಾಯಣಮ್ಮ ಓಡಿ ಬಂದರು. ಇಬ್ಬರೂ ತೊಟ್ಟಿಲು ಶಾಸ್ತ್ರದ ದಿನದ ಮಾತು ತೆಗೆದು, ಒಬ್ಬರ ಕೈ ಒಬ್ಬರು ಹಿಡಿದು ಅತ್ತರು, ಆಮೇಲೆ ನಕ್ಕರು. ಅಲ್ಲಿಗೆ ಎಲ್ಲವೂ ಸರಿಯಾಯಿತು. ತನುಶ್ರೀಯನ್ನು ಯಾರೂ ಏನೂ ಕೇಳಲಿಲ್ಲ. ಇನ್ನು ಯಾರೂ ಕೇಳುವುದೂ ಇಲ್ಲ. ಸುಮ್ಮನಿದ್ದರೆ ಸಾಕಿತ್ತು.

ದ್ರಾಕ್ಷಾಯಣಮ್ಮ ಹೋದ ಮೇಲೆ ಅಮ್ಮ ಅವಳನ್ನು ಹತ್ತಿರ ಕರೆದಳು. ಬೆನ್ನ ಮೇಲೆ ಕೈ ಆಡಿಸಿದಳು.

"ಎಷ್ಟ್ ಬಡದೀನಿ ನಿನ್ನ. ಅದು ನಾನಲ್ಲ ಕೂಸೇ, ಆ ಗಡ್ಡಿ. ತಪ್ಪಾತು, ಮನಸ್ಸಿನಾಗ ಇಟ್ಕೋಬ್ಯಾಡ."

ತನುಶ್ರೀಗೆ ತಡೆಯಲಾಗಲಿಲ್ಲ. ಅಮ್ಮನೇ ತನ್ನ ಮುಂದೆ ತಪ್ಪಾಯಿತು ಅನ್ನುತ್ತಿದ್ದಾಳೆ!

"ನಂಗ ಗೊತ್ತಿತ್ತಮ್ಮ," ಅಂದಳು. "ನಿಂಗ ಪಕ್ಕಕ್ಕ ಕಾಣಂಗಿಲ್ಲ ಅಂತ."

"ಯಾವಾಗಿಂದ?"

"ದಸರಾದಿಂದ. ಗೇಮ್ ಆಡಾಕ... ಅದಕ್ಕ ಹೇಳ್ಲಿಲ್ಲ."

ಬೆನ್ನ ಮೇಲಿನ ಕೈ ನಿಂತಿತು. ನಿಧಾನವಾಗಿ ಹಿಂದಕ್ಕೆ ಹೋಯಿತು. ತನುಶ್ರೀ ಕಣ್ಣು ಮುಚ್ಚಿ ಏಟಿಗೆ ಕಾದಳು. ಏಟು ಬರಲಿಲ್ಲ. ಕಣ್ಣು ತೆರೆದರೆ ಅಮ್ಮ ಅವಳನ್ನೇ ನೋಡುತ್ತಿದ್ದಳು. ತುಟಿ ಬಿಗಿದಿತ್ತು. ಹಣೆಯ ಮೇಲೆ ಒಂದು ಹನಿ ಬೆವರೂ ಇರಲಿಲ್ಲ.

"ಒಳಗ ಹೋಗು," ಅಂದಳು ಅಮ್ಮ. "ಸ್ವಲ್ಪ ಹೊತ್ತು ನನ್ನ ಮುಂದ ಇರಬ್ಯಾಡ."

ತನುಶ್ರೀ ಒಳಗೆ ಹೋಗಿ ಜೋಳದ ಚೀಲಕ್ಕೆ ಒರಗಿ ಕೂತಳು. ಇಷ್ಟು ದಿನ ತಿಂದ ಏಟುಗಳೆಲ್ಲ ಗಡ್ಡೆಯವು, ಸರಿ. ಈ ಸಿಟ್ಟು ಗಡ್ಡೆಯದಲ್ಲ. ಇದು ಅಮ್ಮನದೇ. ಇದನ್ನು ಇಳಿಸಲು ಯಾವ ಇಂಜೆಕ್ಷನ್ನೂ ಇರಲಿಲ್ಲ.

ಸಂಜೆ ಅಮ್ಮ ಅವಳಿಗೂ ಮುದ್ದೆ ಬಡಿಸಿದಳು, ಸಾರು ಹಾಕಿದಳು, ಮಾತಾಡಲಿಲ್ಲ. ಮಾರನೆಯ ದಿನ ಜಡೆ ಹಾಕಿದಳು, ಆಗಲೂ ಮಾತಾಡಲಿಲ್ಲ. ಎಷ್ಟು ದಿನ ಹೀಗೆ ಅಂತ ಕೇಳಬೇಕು ಅನ್ನಿಸಿತು ತನುಶ್ರೀಗೆ. ಅಷ್ಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದ ತನಗೆ ಆ ಮಾತು ಕೇಳುವ ಹಕ್ಕಿಲ್ಲ ಅಂತಲೂ ಗೊತ್ತಾಯಿತು. ಬ್ಯಾಗು ಹೆಗಲಿಗೇರಿಸಿ, ಹೋಗಿ ಬರ್ತೀನಮ್ಮ ಅಂದು, ಉತ್ತರಕ್ಕೆ ನಿಲ್ಲದೆ ಸ್ಕೂಲಿಗೆ ಹೊರಟಳು.