ಇಪ್ಪತ್ತೆರಡು ಮೆಟ್ಟಿಲು

ಹತ್ತೊಂಬತ್ತನೇ ತಾರೀಖು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಠಾಣೆ ತಲುಪಿದ ಸುದ್ದಿ ಸಾಮಾನ್ಯದ್ದಾಗಿರಲಿಲ್ಲ. ನಗರದ ಸಮಸ್ತ ಕಟ್ಟಡಗಳ ಸುಭದ್ರತೆಗೆ ಸಂಬಂಧಪಟ್ಟ, ಹಸಿರು ರೆಕ್ಸಿನ್ ಹೊದಿಕೆಯ, ಉದ್ದನೆಯ ನೋಟ್‌ಬುಕ್ಕೊಂದು ಕಾಣೆಯಾಗಿತ್ತು.

"ನೋಟ್‌ಬುಕ್ ಕಳೆದ್ರೆ ಅಂಗಡಿಗೆ ಹೋಗ್ಬೇಕಪ್ಪಾ, ಠಾಣೆಗಲ್ಲ," ಎಂದ ದಫೇದಾರ.

ದೂರು ತಂದಿದ್ದ ಮೇಸ್ತ್ರಿ ನಗಲಿಲ್ಲ. ವಯಸ್ಸು ನಲವತ್ತಾರು, ಅಂಗೈ ಗಾರೆ ಗೋಡೆಯಷ್ಟೇ ಒರಟು. "ಅದರಲ್ಲಿ ನನ್ನ ಆರು ವರ್ಷ ಇದೆ ಸಾರ್."

ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿ ಪೂರ್ತಿ ಕೇಳಿಸಿಕೊಂಡರು. ಕಟ್ಟಡ ಪರಿಶೀಲಕನಾಗಲು ದಾರಿಗಳು ಎರಡು. ಎಂಜಿನಿಯರಿಂಗ್ ಪದವಿ ಪಡೆದು ಪರೀಕ್ಷೆ ಬರೆಯುವುದು ಒಂದು. ಓದು ಅರ್ಧಕ್ಕೆ ನಿಂತವರಿಗೆ ಅನುಭವದ ದಾರಿ: ಹಿರಿಯ ಪರಿಶೀಲಕರೊಬ್ಬರ ಕೈಕೆಳಗೆ ಮುನ್ನೂರು ಪರಿಶೀಲನೆ ಮಾಡಬೇಕು, ಒಂದೊಂದನ್ನೂ ಪುಸ್ತಕದಲ್ಲಿ ಬರೆಯಬೇಕು, 'ನನ್ನ ಕಣ್ಣೆದುರು ನಡೆದಿದೆ' ಎಂದು ಆ ಹಿರಿಯರಿಂದ ಸಹಿ ಹಾಕಿಸಿಕೊಂಡು ಪ್ರಮಾಣಪತ್ರ ಮಂಡಳಿಗೆ ಒಪ್ಪಿಸಬೇಕು. ಮಂಡಳಿ ಈ ದಾರಿಯನ್ನು ಈ ವರ್ಷಕ್ಕೇ ಕೊನೆಗೊಳಿಸಲಿತ್ತು. ಕೊನೆಯ ದಿನ ಬರುವ ಶುಕ್ರವಾರ. ಮೇಸ್ತ್ರಿಯ ಪುಸ್ತಕದಲ್ಲಿ ಮುನ್ನೂರ ಹನ್ನೆರಡು ಪರಿಶೀಲನೆಗಳಿದ್ದವು. ಮೊಹರು ಹಾಕಿಸಲು ಅದನ್ನು ಹೋದ ಶುಕ್ರವಾರ ಕಟ್ಟಡ ಪರವಾನಗಿ ಕಚೇರಿಗೆ ಕೊಟ್ಟಿದ್ದ; ಕಾಣೆಯಾದದ್ದು ಅಲ್ಲೇ.

"ಯಾರ ಮೇಲಾದ್ರೂ ಅನುಮಾನ?"

"ಯಾರ ಮೇಲೂ ಇಲ್ಲ ಸಾರ್."

"ಹಾಗಾದ್ರೆ ಎಲ್ಲರ ಮೇಲೂ ಇದೆ ಅಂತ ಇಟ್ಕೋ," ಎಂದರು ಇನ್‌ಸ್ಪೆಕ್ಟರ್ ದಫೇದಾರನಿಗೆ.

ಹತ್ತೂ ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಆ ಕಚೇರಿಯಲ್ಲಿ ಪಂಚನಾಮೆ. ದಾಖಲೆ ಕೋಣೆ ಮೊದಲ ಮಹಡಿಯಲ್ಲಿ; ಮೆಟ್ಟಿಲು ಇಪ್ಪತ್ತೆರಡು, ಲಿಫ್ಟ್ ಇಲ್ಲ. ಪುಸ್ತಕವಿಟ್ಟಿದ್ದ ಬೀರುವಿನ ಬೀಗ ಒಡೆದಿರಲಿಲ್ಲ. ಬೀಗದ ಕೈ ಕೆಳಗೆ ಜವಾನನ ಮೇಜಿನ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು, ಬೇಕಾದವರ ಕೈಗೆ ಎಟಕುವ ಹಾಗೆ. ಪುಸ್ತಕ ಸೋಮವಾರ ಮಧ್ಯಾಹ್ನ ಒಂದಕ್ಕೆ ಇತ್ತು, ಎರಡೂವರೆಗೆ ಇರಲಿಲ್ಲ. ಊಟದ ಆ ಹೊತ್ತಿನಲ್ಲಿ ಕಚೇರಿಯಲ್ಲಿ ಉಳಿದವರು ಮೂವರು: ಮುಖ್ಯ ಎಂಜಿನಿಯರ್, ಅವರ ಅಳಿಯ, ಮತ್ತು ಮೇಸ್ತ್ರಿಯ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ ಹಿರಿಯ ಪರಿಶೀಲಕರು.

ಖಾಲಿ ಇದ್ದ ಪರಿಶೀಲಕರ ಹುದ್ದೆ ಒಂದೇ. ಅಳಿಯನಿಗೆ ಪದವಿಯಿತ್ತು, ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿಯೂ ಆಗಿತ್ತು.

"ಊಟದ ಹೊತ್ತಲ್ಲಿ ಎಲ್ಲಿದ್ರಿ?"

"ಮಾವನ ಕೋಣೇಲಿ ಓದ್ತಿದ್ದೆ."

"ಏನು ಓದ್ತಿದ್ರಿ?"

"ಅದು... ಹಾಗೇ ನಿದ್ದೆ ಹತ್ತಿಬಿಡ್ತು."

"ಸಾಕ್ಷಿ?"

"ಗೊರಕೆ ಹೊಡೀತೀನಿ ಅಂತ ಮಾವ ಬೈದ್ರು."

ಮಾವ ಇದನ್ನು ಅಗತ್ಯಕ್ಕಿಂತ ಹೆಚ್ಚು ಉತ್ಸಾಹದಿಂದ ದೃಢಪಡಿಸಿದರು. ಇನ್‌ಸ್ಪೆಕ್ಟರ್ ಇಬ್ಬರನ್ನೂ ಪಟ್ಟಿಯಲ್ಲೇ ಉಳಿಸಿಕೊಂಡರು.

ಹಿರಿಯ ಪರಿಶೀಲಕರನ್ನು ಊರೆಲ್ಲ ಜೀಪು ಸಾಹೇಬರು ಎನ್ನುತ್ತಿತ್ತು. ನಿವೃತ್ತಿಗೆ ಎರಡು ವರ್ಷ, ಎರಡೂ ಮೊಣಕಾಲು ಕೆಟ್ಟಿದ್ದವು. "ಅವ್ರು ಮಹಡಿ ಹತ್ತಿ ಏಳು ವರ್ಷ ಆಯ್ತು ಸಾರ್," ಎಂದ ಜವಾನ. "ಹಾಜರಿ ಪುಸ್ತಕಾನೇ ಕೆಳಗಿಳಿದು ಬಂದು ಅವ್ರನ್ನ ನೋಡ್ಕೊಂಡು ಹೋಗುತ್ತೆ." ಇನ್‌ಸ್ಪೆಕ್ಟರ್ ಪಟ್ಟಿಯಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆದರು.

"ಆ ಮೇಸ್ತ್ರಿ ನನಗೆ ಮಗ ಇದ್ದ ಹಾಗೆ," ಎಂದರು ಸಾಹೇಬರು ಕೂತಲ್ಲಿಂದಲೇ. "ಬೇಗ ಹುಡುಕ್ಕೊಡಿ."

ಮೂರು ಗಂಟೆಗೆ ಪುಸ್ತಕವಿದ್ದ ಜಾಗ ಗುರುತಿಸಲು ಮೇಸ್ತ್ರಿಯನ್ನು ಕರೆಸಿದರು. ಮೆಟ್ಟಿಲು ಇಳಿಯುವಾಗ ಅವನ ಕೈ ಪಕ್ಕದ ಹಿಡಿಕಂಬಿಯ ಮೇಲೆ ನಿಂತುಬಿಟ್ಟಿತು.

"ಇದು ಅಲ್ಲಾಡ್ತಿದೆ." ಮಂಡಿಯೂರಿ ನೋಡಿದ. ಅಭ್ಯಾಸಬಲದಿಂದ ಜೇಬಿನ ಟೇಪು ಹೊರಬಂತು. "ಗೋಡೆಯ ಬೋಲ್ಟು ಮೂರೂ ಸಡಿಲ. ಉದುರಿರೋ ಗಾರೆ ಪುಡಿ ಹೊಸದು. ಶುಕ್ರವಾರ ಅಲ್ಲಾಡಿಸಿ ನೋಡಿದ್ದೆ, ಗಟ್ಟಿ ಇತ್ತು."

"ಅದನ್ನ್ಯಾಕೆ ಅಲ್ಲಾಡಿಸಿದ್ದೆ?"

"ಕಂಬಿ ಕಂಡ್ರೆ ಅಲ್ಲಾಡಿಸ್ದೆ ಮುಂದೆ ಹೋಗೋಕಾಗಲ್ಲ ಸಾರ್. ಇದು ಸುಮ್ನೆ ಹಿಡ್ಕೊಂಡು ಹತ್ತಿದ್ರೆ ಆಗೋದಲ್ಲ. ಯಾರೋ ಎರಡೂ ಕೈಲಿ ಜಗ್ಗಿ, ಮೈಭಾರ ಪೂರ್ತಿ ಬಿಟ್ಟು, ಒಂದೊಂದೇ ಮೆಟ್ಲು ತಮ್ಮನ್ನ ತಾವೇ ಎಳ್ಕೊಂಡು..."

ಟೇಪು ಸರ್ರನೆ ಒಳಗೆ ಹೋಯಿತು.

"ಯಾರು?"

"ಗೊತ್ತಿಲ್ಲ ಸಾರ್. ದೂರು ವಾಪಸ್ ತಗೋತೀನಿ."

ಈಗ ಇನ್‌ಸ್ಪೆಕ್ಟರಿಗೆ ಮೇಸ್ತ್ರಿಯ ಮೇಲೇ ಅನುಮಾನ ಬಂತು. ಕಳೆದದ್ದು ಆರು ವರ್ಷ. ಕದ್ದವನಾರೆಂದು ತಿಳಿದ ಗಳಿಗೆಯಲ್ಲೇ ಬೇಡವೆನ್ನುತ್ತಾನೆ. ಪುಸ್ತಕ ಸಿಕ್ಕರೆ ಇವನಿಗೇ ಏನೋ ಆಪತ್ತಿದೆ. ಗೆರೆ ಎಳೆದ ಹೆಸರನ್ನು ಅವರು ಮತ್ತೆ ಬರೆದುಕೊಂಡರು, ಮೇಸ್ತ್ರಿಯ ಹೆಸರಿನ ಪಕ್ಕದಲ್ಲಿ.

ಬುಧವಾರ ಬೆಳಿಗ್ಗೆ ದಫೇದಾರ ಮೇಸ್ತ್ರಿ ಪರಿಶೀಲಿಸಿದ್ದ ನಾಲ್ಕು ಮಹಡಿಯ ಕಟ್ಟಡವೊಂದರ ಕಾವಲುಗಾರನ ಹೇಳಿಕೆ ಪಡೆದ.

"ಜೀಪು ಸಾಹೇಬ್ರಾ? ಅವ್ರ ಕಾಲು ನಮ್ಮ ಮಣ್ಣು ಮುಟ್ಟಿದ್ದೇ ಇಲ್ಲ. ಮೇಸ್ತ್ರಿ ಮೇಲಿಂದ ಅಳತೆ ಕೂಗ್ತಾರೆ, ಇವ್ರು ಜೀಪಲ್ಲಿ ಕೂತೇ ವರದಿ ಬರೀತಾರೆ. ಒಂದ್ಸಲ ಹಳೇ ಪೇಪರ್‌ನವನೂ ಕೂಗ್ತಾ ಬಂದ. ಅವನ ರೇಟನ್ನೂ ಬರ್ಕೊಂಡ್ರೋ ಏನೋ."

ಇನ್ನಿಬ್ಬರು ಕಾವಲುಗಾರರು ಹೇಳಿದ್ದೂ ಅದೇ. ಮೇಸ್ತ್ರಿ ಬಾಯಿ ಮುಚ್ಚಿಕೊಂಡದ್ದು ಯಾಕೆಂದು ಇನ್‌ಸ್ಪೆಕ್ಟರಿಗೆ ಅರ್ಥವಾಯಿತು. 'ಕಣ್ಣೆದುರು' ಎಂದು ಸಹಿ ಹಾಕಿದವರು ಕಂಡೇ ಇರಲಿಲ್ಲವೆಂದರೆ, ಕಳ್ಳನ ಜೊತೆ ಪುಸ್ತಕವೂ ಸಿಕ್ಕಿಬೀಳುತ್ತದೆ.

ಸಂಜೆ ನಾಲ್ಕೂ ನಲವತ್ತಕ್ಕೆ ಜೀಪಿನ ಸೀಟಿನ ಅಡಿಯಲ್ಲಿ, ಪ್ಲಾಸ್ಟಿಕ್ ಹಾಳೆಯಲ್ಲಿ ಜೋಪಾನವಾಗಿ ಸುತ್ತಿದ್ದ ಹಸಿರು ಪುಸ್ತಕ ಸಿಕ್ಕಿತು. ಸಾಹೇಬರನ್ನು ಬಂಧಿಸಲಾಯಿತು. ಠಾಣೆಯ ಮೂರು ಮೆಟ್ಟಿಲನ್ನು ಅವರು ದಫೇದಾರನ ಭುಜ ಹಿಡಿದು ಹತ್ತಿದರು.

"ಸುಟ್ಟುಹಾಕಬಹುದಿತ್ತಲ್ಲ?"

"ಹೇಗ್ರೀ ಸುಡ್ಲಿ? ಮುನ್ನೂರ ಹನ್ನೆರಡರಲ್ಲಿ ಒಂದು ಅಳತೆ ತಪ್ಪಿಲ್ಲ."

"ಮತ್ತೆ ಕದ್ದಿದ್ದು?"

"ಪ್ರಮಾಣಪತ್ರ ಸಿಕ್ಕಿದ ಮಾರನೇ ದಿನ ಅವನ ಪಾಡಿಗೆ ಅವನು. ನನಗಿನ್ನೂ ಎರಡು ವರ್ಷ ಸರ್ವೀಸಿದೆ. ನನ್ನ ಬದಲು ಹತ್ತೋರು ಯಾರು?" ಸ್ವಲ್ಪ ಹೊತ್ತು ಮೊಣಕಾಲು ತಿಕ್ಕಿಕೊಂಡರು. "ಆ ಇಪ್ಪತ್ತೆರಡು ಮೆಟ್ಲಿಗೆ ನಲವತ್ತು ನಿಮಿಷ ಹಿಡೀತು. ಇಳಿಯುವಾಗ ಕೂತು ಕೂತು ಇಳಿದೆ." ಆಮೇಲೆ ದನಿ ತಗ್ಗಿಸಿ, "ಒಂದು ಉಪಕಾರ ಮಾಡಿ. ಎಲ್ಲ ಕಡೇನೂ ನಾನು ಅವನ ಜೊತೆ ಮೇಲೆ ಹತ್ತಿದ್ದೆ ಅಂತ ಬರ್ಕೊಳ್ಳಿ."

ಇನ್‌ಸ್ಪೆಕ್ಟರ್ ಪೆನ್ನು ಎತ್ತಿ ಹಿಡಿದೇ ಕೂತರು. ಬಾಗಿಲ ಬಳಿ ನಿಂತಿದ್ದ ಮೇಸ್ತ್ರಿ, "ಬೇಡ ಸಾರ್," ಎಂದ. "ಇದ್ದ ಅಳತೇನೇ ಬರೀಬೇಕು. ಹಂಗಂತ ಕಲ್ಸಿದ್ದೂ ಇವ್ರೇ."

ಇನ್‌ಸ್ಪೆಕ್ಟರ್ ಇದ್ದದ್ದನ್ನೇ ಬರೆದರು.

ಗುರುವಾರ ನ್ಯಾಯಾಲಯ ಪುಸ್ತಕವನ್ನು ಮೇಸ್ತ್ರಿಯ ಸುಪರ್ದಿಗೆ ಕೊಟ್ಟಿತು. ಶುಕ್ರವಾರ ಬೆಳಿಗ್ಗೆ ಅವನು ಅದನ್ನು ಸಾಹೇಬರ ಹೇಳಿಕೆಯ ನಕಲಿನೊಂದಿಗೆ ಮಂಡಳಿಗೆ ಒಪ್ಪಿಸಿದ. ನೆಲಮಟ್ಟದಲ್ಲಿ, ಜೀಪಿನಿಂದ ಕಾಣುವಷ್ಟು ದೂರದಲ್ಲಿ ನಡೆದ ನಲವತ್ತೊಂದು ಪರಿಶೀಲನೆಗಳನ್ನು ಮಂಡಳಿ ಮಾನ್ಯ ಮಾಡಿತು. ಬೇಕಾಗಿದ್ದದ್ದು ಮುನ್ನೂರು.