ಉಸ್ತಾದರ ಖುರಾಕು

ಗಿರಿಮಲ್ಲ ಉಸ್ತಾದರು ಎದೆಯುಬ್ಬಿಸಿ ಊದಿದರು. ಗಾಜಿನ ಕೊಳವೆಯೊಳಗಿನ ಜೀವಕೋಶಗಳ ತೆಳುಪದರ ಕೆಂಪಾಯಿತು.

ವೈರಸ್ ಹೊಕ್ಕರೆ ಶ್ವಾಸಕೋಶ ಎಷ್ಟು ಬೇಗ ಎಚ್ಚರಗೊಳ್ಳುತ್ತದೆಂಬುದನ್ನು ಉಸಿರಿನ ಸೂಕ್ಷ್ಮ ಹನಿಗಳಿಂದಲೇ ತಿಳಿಸುವ ಈ ‘ಎಚ್ಚರಗೊಳವೆ’ಯನ್ನು ರೂಪಿಸಿದವಳು ಜಮಖಂಡಿಯವಳೇ ಆದ ಡಾ. ಸುಗಲಾ ಬಾಡಗಿ. ಎಚ್ಚರ ಚುರುಕಾಗಿದ್ದರೆ ಹಸಿರು, ತಡವಾದರೆ ಕೆಂಪು. ೨೦೬೪ರ ಚಳಿಗಾಲದ ಹೊಸ ಜ್ವರ ಪಕ್ಕದ ಜಿಲ್ಲೆಗೆ ಕಾಲಿಟ್ಟಿತ್ತು. ಆದ್ದರಿಂದಲೇ ಆಕೆ ಎಲ್ಲರ ಉಸಿರು ಪರೀಕ್ಷಿಸಲು ಗರಡಿಮನೆಗೆ ಬಂದಿದ್ದಳು.

“ನಿನ್ನ ಕೊಳವಿಗೇ ನೆಗಡಿ ಆಗೇತಿ, ತಂಗಿ!” ಎಂದರು ಉಸ್ತಾದರು. ಪೈಲ್ವಾನರು ಗೊಳ್ಳೆಂದು ನಕ್ಕರು.

“ಇನ್ನೊಮ್ಮೆ ಊದ್ರಿ, ಕಾಕಾ.”

ಮತ್ತೆ ಕೆಂಪು. ನಗು ಅಡಗಿತು.

“ಕುಸ್ತಿ ಬಿಟ್ಟ ಮ್ಯಾಲ ಖುರಾಕೂ ಬಿಟ್ರೇನ್ರಿ?”

“ಯಾಕ ಬಿಡಲಿ? ಶಿಷ್ಯರು ಪ್ರೀತಿಲೆ ತರ್ತಾರ. ಒಲ್ಲೆ ಅಂದ್ರ ಅವರಿಗೆ ಅವಮಾನ.”

ಬೆಲ್ಲ ಕದಡಿದ ಎಮ್ಮೆಹಾಲು, ತುಪ್ಪ ಸುರಿದ ಬಾದಾಮಿ ಹಲ್ವಾ. ಕಣದಲ್ಲಿ ಬೆವರಾಗಿ ಕರಗುತ್ತಿದ್ದ ಆ ಖುರಾಕು, ಕುಸ್ತಿ ನಿಂತ ಮೇಲೂ ಗೌರವದ ಹೆಸರಿನಲ್ಲಿ ಹೊಟ್ಟೆ ಸೇರುತ್ತಲೇ ಇತ್ತು.

“ರಕ್ತದಾಗ ಸಕ್ಕರಿ ಏರಿಕೊಂಡೇ ಇದ್ರ, ವೈರಸ್ ಬಂತು ಅಂತ ಸುದ್ದಿ ಮುಟ್ಟಿಸೋ ಕೋಶಗಳು ತಡಾ ಮಾಡ್ತಾವ್ರಿ. ಎದುರಾಳಿ ನಿಮ್ಮ ಬೆನ್ನು ಮಣ್ಣಿಗೆ ಹಚ್ಚಿದ ಮ್ಯಾಲ ನೀವು ಪಟ್ಟು ನೆನಸ್ಕೊಂಡಂಗ. ಲಸಿಕಿ ಬೇಕ ಬೇಕು. ಅದರ ಜೋಡಿ ಈ ಸಕ್ಕರಿ ಇಳಿಸೂದೂ ಬೇಕು.”

ಉಸ್ತಾದರು ಮೀಸೆ ಸವರಿಕೊಂಡರು. ಜೀವಮಾನದಲ್ಲಿ ಯಾರೂ ಅವರ ಬೆನ್ನಿಗೆ ಮಣ್ಣು ಹಚ್ಚಿರಲಿಲ್ಲ.

ಮರುದಿನ ಶಿಷ್ಯನೊಬ್ಬ ಹಾಲು ತಂದಾಗ ಅವರು ತಂಬಿಗೆಯನ್ನು ಹಣೆಗೊತ್ತಿಕೊಂಡು, ಆಗಷ್ಟೇ ಕಣದಿಂದೆದ್ದ ಪೈಲ್ವಾನನ ಕೈಗಿತ್ತರು. “ಮೈಗೆ ಮಣ್ಣು ಹತ್ತಿದವ ಕುಡೀಲಿ. ನಿನ್ನ ಪ್ರೀತಿ ನನಗ ಮುಟ್ಟಿತು.” ಬಳಿಕ ತಾವೇ ಸಲಿಕೆ ಹಿಡಿದು ಕಣದ ಕೆಮ್ಮಣ್ಣು ಅಗೆಯತೊಡಗಿದರು. ಅಂದಿನಿಂದ ಕಣಕ್ಕಿಳಿದವನಿಗೇ ಖುರಾಕು ಎಂಬುದು ಆ ಗರಡಿಯ ಪದ್ಧತಿಯಾಯಿತು.

ವಾರಗಳು ಕಳೆದು ಜ್ವರ ಊರಿಗೆ ಬರುವಷ್ಟರಲ್ಲಿ ಅವರ ಕೊಳವೆ ಹಸಿರಿಗೆ ತಿರುಗಿತ್ತು. ಅವರಿಗೂ ಸೋಂಕು ತಗುಲಿತು. ಕೆಮ್ಮಿದರು, ಕಂಬಳಿ ಹೊದ್ದು ಮಲಗಿದರು, ಆಮೇಲೆ ಎದ್ದು ಕಣಕ್ಕೆ ಬಂದರು. ಅವರು ತೊಡೆ ತಟ್ಟಿದ ಸದ್ದಿಗೆ ಸುಗಲಾಳ ಎದೆ ಉಬ್ಬಿತು. ಯಾವ ಪ್ರಶಸ್ತಿಯೂ ಆಕೆಗೆ ಇಂಥ ಹೆಮ್ಮೆಯನ್ನು ತಂದಿರಲಿಲ್ಲ.

“ಈ ಸಕ್ಕರಿ ಮಾತು ನೀನ ಮೊದಲು ಕಂಡುಹಿಡದಿಯೇನು, ತಂಗಿ?”

“ಇಲ್ರಿ ಕಾಕಾ. ನಾ ಬರೇ ಕಣ್ಣಿಗೆ ಕಾಣೂ ಹಂಗ ಮಾಡೀನಿ. ನಾ ಹುಟ್ಟೂದಕ್ಕಿಂತ ಮೊದಲ ಎಲ್ಲಾರಿಗೂ ಗೊತ್ತಿತ್ತು.”

“ಆಗಿನ ಮಂದಿ ಗೊತ್ತಿದ್ದೂ ಸುಮ್ಮನಿದ್ರೇನು? ಯಾತಕ್ಕ?”

ಸುಗಲಾ ಹೊಸ ಕೊಳವೆಯೊಂದನ್ನು ತೆಗೆದು ಮುಂದಿನ ಪೈಲ್ವಾನನ ಬಾಯಿಗೆ ಹಿಡಿದಳು.