ಮೂರನೇ ಬೇಡ

"ಬೇಡ ಕಣವ್ವ, ಆ ಗೋಡೆ ಜರಿಗಿಡದ ಸವಾಸ," ಅಂದಳು ಲಕ್ಷ್ಮಮ್ಮ.

ಶಿವಗಂಗಾ ನಕ್ಕುಬಿಟ್ಟಳು. ನಗದೆ ಏನು ಮಾಡ್ತಾಳೆ ಹೇಳಿ? ಸಿಂಗಸಂದ್ರದ ಆ ಓಣಿಯಲ್ಲಿ ಬಾಡಿಗೆ ಮನೆಗಳು ಎಷ್ಟು ಒತ್ತಾಗಿ ಎದ್ದಿದ್ದವೆಂದರೆ, ಮಟಮಟ ಮಧ್ಯಾಹ್ನಕ್ಕೂ ಬಲ್ಬು ಹಾಕಬೇಕು. ಅವುಗಳ ನಡುವೆ ಓನರ್ ಲಕ್ಷ್ಮಮ್ಮನ ಹಳೇ ಮನೆಯದೊಂದು ಕಲ್ಲುಗೋಡೆ, ಕೆಡವೋದು ಮರೆತುಹೋದ ಹಾಗೆ ನಿಂತಿತ್ತು. ಅದರ ಸಂದಿಸಂದಿಯಲ್ಲೂ ಜರಿಗಿಡ. ಎಲೆಯ ಮೇಲೆ ಹಸಿರು, ಅಡಿಗೆ ಸುಣ್ಣ ಬಳಿದಷ್ಟು ಬಿಳುಪು. ಸುರಪುರದ ಕಡೆ, ಅವಳೂರಿನ ಬಾವಿಗೋಡೆಯಲ್ಲೂ ಇಂಥದ್ದೇ ಬೆಳೆಯುತ್ತಿತ್ತು. ಎಲೆಯನ್ನ ಕೈಮೇಲಿಟ್ಟು ಫಟ್ಟನೆ ಹೊಡೆದರೆ ಹಚ್ಚೆ ಹಾಕಿದ ಹಾಗೆ ಬೆಳ್ಳಗೆ ಅಚ್ಚು ಮೂಡೋದು. ಹುಡುಗಿಯರೆಲ್ಲ ಆಡಿದ್ದೇ ಆಟ.

"ಬೇಡಮ್ಮ. ಮಾಟ ಮಾಡ್ಸಿರೋ ಗೋಡೆ ಅದು."

"ಮಾಟ ಮಾಡ್ಸೋದಿದ್ರ ನಮ್ಮ ಸೂಪರ್‌ವೈಸರ್ ನೀಲಪ್ಪಗ ಮಾಡ್ಸ್ರೆವ್ವಾ, ಟಾರ್ಗೆಟ್ ಆದ್ರೂ ಕಮ್ಮಿ ಮಾಡ್ಲಿ!"

ಲಕ್ಷ್ಮಮ್ಮ ನಗಲಿಲ್ಲ. "ಬೇಡ ಮಗಳೇ," ಅಂದಳು. ಕೂಸಿಗೆ ತುತ್ತಿಡುವಾಗಿನ ದನಿ. ಅವಳು ಹಾಗೇ. ಜ್ವರ ಬಂದಾಗ ಗಂಜಿ ಕುಡಿಸಿದವಳು, ಭಾನುವಾರ ಭಾನುವಾರ ತಲೆಗೆ ಎಣ್ಣೆ ಒತ್ತುವವಳು. ಈ ಊರಿನಲ್ಲಿ ಶಿವಗಂಗಾಳನ್ನ ಮಗಳೇ ಅಂದವಳು ಅವಳೊಬ್ಬಳೇ.

"ಏನರ ಆದ್ರ ನನಗ ಆಗ್ಲಿ ಬಿಡ್ರಿ," ಅಂದಳು ಶಿವಗಂಗಾ. ಅವಳ ಕಡೆ ದಿನಕ್ಕೆ ನಾಕು ಸಲ ಬಾಯಿಗೆ ಬರುವ ಮಾತು, ಯಾರೂ ಲೆಕ್ಕಕ್ಕಿಡೋದಿಲ್ಲ. ಎಲೆ ಕಿತ್ತಳು. ಬಲಗೈಮೇಲೆ ಇಟ್ಟಳು. ಫಟ್.

ಅಚ್ಚು ಎಳೆಎಳೆಯಾಗಿ ಮೂಡಿತು. ಮುಚ್ಚಿಟ್ಟ ಬಾವಿಯ ಬಾಯಿ ತೆರೆದಂಥ ವಾಸನೆ ಮೂಗಿಗೆ ಬಡಿಯಿತು. ಲಕ್ಷ್ಮಮ್ಮ ತಡೆಯೋದಕ್ಕೆ ಕೈಯನ್ನೇ ಚಾಚಿರಲಿಲ್ಲ. ಬಹಳ ಹೊತ್ತಿನಿಂದ ಕಟ್ಟಿಟ್ಟಿದ್ದ ಉಸಿರೊಂದನ್ನ ಮೆಲ್ಲಗೆ ಬಿಟ್ಟಳು, ಅಷ್ಟೆ. ಒಳಗೆ ಕಿಟಕಿಯ ಹಿಂದೆ ಅವಳ ಮಗಳು ಕೃಪಾ ನಿಂತಿದ್ದಳು. ಬಲಗೈಗೆ ಸದಾ ದುಪಟ್ಟಾ ಸುತ್ತಿಕೊಂಡು, ಹೊರಗೇ ಬಾರದ ಹುಡುಗಿ. ಬಿಸಿನೀರು ಬಿದ್ದು ಸುಟ್ಟಿದೆ ಅನ್ನುತ್ತಿದ್ದರು.

ಅಚ್ಚು ಸೋಪಿಗೆ ಹೋಗಲಿಲ್ಲ. ಸರ್ಫಿಗೂ ಹೋಗಲಿಲ್ಲ. ಫ್ಯಾಕ್ಟರಿಯಲ್ಲಿ ಕಲೆ ತೆಗೆಯುವ ಎಣ್ಣೆ ಸುರಿದು ಉಜ್ಜಿದಳು. ಚರ್ಮ ಕೆಂಪಾಯಿತು, ಅಚ್ಚು ಇನ್ನೂ ಬೆಳ್ಳಗಾಯಿತು. ಆಮೇಲೆ ಬೆರಳುಗಳು ತಣ್ಣಗಾದವು. ನೆರಳಲ್ಲಿ ಬಿದ್ದ ಚಪ್ಪಡಿಯ ಹಾಗೆ.

ಬೊಮ್ಮನಹಳ್ಳಿಯ ಆ ಗಾರ್ಮೆಂಟ್ಸಿನಲ್ಲಿ ಅವಳದ್ದು ಕಾಲರ್ ಹೊಲಿಯುವ ಕೆಲಸ. ಕೈಯಿದ್ದರೆ ಅನ್ನ. ಶನಿವಾರ ಮೆಷಿನ್ ಓಡುತ್ತಿತ್ತು, ಬಟ್ಟೆ ಸರಿಯುತ್ತಿತ್ತು. ಪಕ್ಕದ ಭಾಗ್ಯಶ್ರೀ ಚೀರಿದಳು: "ಅಕ್ಕಾ! ಬೆರಳು!"

ಸೂಜಿ ಹೆಬ್ಬೆರಳಿನ ಉಗುರು ತೂರಿ ಆಚೆ ಬಂದಿತ್ತು. ಶಿವಗಂಗಾಗೆ ಗೊತ್ತೇ ಆಗಿರಲಿಲ್ಲ. ಸೂಜಿ ಎಳೆದರು. ರಕ್ತ ಬರಲಿಲ್ಲ. ಒಂದು ಹನಿ ಕಂದು ನೀರು ಜಿನುಗಿತು. ಪಾಚಿಯ ವಾಸನೆ.

ಮನೆಗೆ ಕಳಿಸಿದರು. ಓಣಿಗೆ ಕಾಲಿಟ್ಟರೆ, ಕಲ್ಲುಗೋಡೆಯ ಮುಂದೆ ಕೃಪಾ ಬಟ್ಟೆ ಹಿಂಡುತ್ತಿದ್ದಳು. ಎರಡೂ ಕೈಯಲ್ಲಿ. ದುಪಟ್ಟಾ ಇಲ್ಲ, ಕಲೆ ಇಲ್ಲ. ಈಗಷ್ಟೇ ಹುಟ್ಟಿದ ಕೂಸಿನದಂಥ ಕೆಂಪು ಕೈ. ಅವಳ ಹಿಂದಿನ ಗೋಡೆಯಲ್ಲಿ ಒಂದು ಜರಿಗಿಡವೂ ಇರಲಿಲ್ಲ.

ಶಿವಗಂಗಾಳ ಕೈ ನೋಡಿ ಕೃಪಾಳ ಮುಖ ಇಳಿಯಿತು. "ಸಾರಿ ಅಕ್ಕಾ," ಅಂದಳು ಪಿಸುದನಿಯಲ್ಲಿ. "ನಮ್ಮಪ್ಪ ದೊಡ್ಡಮ್ಮನ ಪಾಲು ನುಂಗಿದ್ರು. ಅವ್ಳು ಗೋಡೆ ಸಂದೀಲಿ ಮಾಟದ ತಗಡು ಇಡ್ಸಿದ್ಳು, ಈ ಮನೆ ಮಕ್ಕಳ ಕೈ ಕಲ್ಲಾಗ್ಲಿ ಅಂತ. ಇಳಿಸ್ಕೊಳ್ಳೋಕೆ ಒಂದೇ ದಾರಿ. ಮೂರು ಸಲ ಬೇಡ ಅನ್ಬೇಕು. ಅದನ್ನ ಕೇಳಿಸ್ಕೊಂಡೋರು ನನಗೇ ಆಗ್ಲಿ ಅಂತ ಮುಟ್ಬೇಕು. ಈಗ ನಿನ್ ಕೈನೇ ಗೋಡೆ. ನೀನೂ ಯಾರಿಗಾದ್ರೂ..."

"ಕೃಪಾ, ಒಳಗೆ ಬಾ." ಬಾಗಿಲಲ್ಲಿ ಲಕ್ಷ್ಮಮ್ಮ.

"ಯವ್ವಾ," ಅಂದಳು ಶಿವಗಂಗಾ. "ಮಗಳೇ ಅಂದಿದ್ರಲ್ಲ ನನ್ನ?"

ಲಕ್ಷ್ಮಮ್ಮ ನೆಲ ನೋಡಿದಳು. "ನಾನು ಬೇಡ ಅಂದೆ ಕಣಮ್ಮ. ನೀನೇ ಕೇಳ್ಲಿಲ್ಲ." ಚಿಲಕ ಬಿತ್ತು.

ಅಂದರೆ ಗಂಜಿಯೂ ಇದಕ್ಕೇ. ಎಣ್ಣೆಯೂ ಇದಕ್ಕೇ. ಶಿವಗಂಗಾ ತನ್ನ ಕೋಣೆಯ ಕತ್ತಲಲ್ಲಿ ಮೂಲೆ ಹಿಡಿದು ಕೂತಳು. ಕರೆಂಟು ಹೋಗಿತ್ತು. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ನಲ್ಲಿಯಲ್ಲ. ಅವಳ ಬೆರಳ ತುದಿ. ಉಗುರಿನ ತೂತಿನೊಳಗೆ ಏನೋ ಹೊರಳಿತು. ಸುರುಳಿ ಸುತ್ತಿಕೊಂಡ, ಹಸಿರು, ಕೂದಲು ಕೂದಲಾದ ಒಂದು ಚಿಗುರು ತಲೆ ಎತ್ತಿತು.

ಬಾಗಿಲು ದೂಡಿಕೊಂಡು ನೀಲಾಂಬಿಕಾ ಬಂದಳು. ಒಂದೇ ಊರಿನವಳು, ಒಂದೇ ಬಸ್ಸಿನಲ್ಲಿ ಬಂದವಳು, ಕೋಣೆಯಲ್ಲಿ ಪಾಲುಗಾತಿ. "ಯಾಕ ಗಂಗಿ, ಬೆರಳಿಗೆ ಸೂಜಿ ಹೊಕ್ಕೈತಂತ? ತೋರ್ಸು."

"ಬ್ಯಾಡ!"

"ಅಯ್ಯ, ನಿನ್ನ ಬೆರಳೇನು ತಿಂತೀನೇನ?"

"ಬ್ಯಾಡ ನೀಲಾ, ದೂರ..."

ಗಕ್ಕನೆ ನಿಲ್ಲಿಸಿದಳು. ಎರಡು ಬೇಡ ಹೋಗಿಬಿಟ್ಟಿತ್ತು. ಅರಿವಿಲ್ಲದೆ. ಪ್ರೀತಿಗೆ ಅಂದದ್ದು.

ನೀಲಾಂಬಿಕಾ ನಗುತ್ತಾ ಪಕ್ಕಕ್ಕೆ ಕೂತಳು. "ಉಗುರಾಗ ಏನೋ ಹಸರು ಸಿಕ್ಕೊಂಡೈತಿ, ತೆಗಿತೀನಿ ತಾ. ಏನರ ಆದ್ರ ನನಗ ಆಗ್ಲಿ."

ಮೂರನೆಯದು ನಾಲಿಗೆಯ ತುದಿಗೆ ಬಂದು ಕೂತಿತು. ಸಿಹಿಯಾಗಿತ್ತು. ಅಂದರಾಯಿತು. ಕೈ ಬೆಚ್ಚಗಾಗುತ್ತದೆ. ಕಾಲರ್ ಹೊಲಿಯಬಹುದು. ಮುಂದೆ ಚಾಚಿದ ನೀಲಾಂಬಿಕಾಳ ಕೈ ನೋಡಿದಳು. ಪ್ಯಾಕಿಂಗ್ ಟೇಪಿನ ಅಂಟು, ಸವೆದ ಎರಡು ಹಸಿರು ಬಳೆ. ಹತ್ತಿರ ಬಂತು. ಇನ್ನೂ ಹತ್ತಿರ. ತುಟಿಗಳು ತಾವಾಗಿಯೇ ಬಿರಿದವು.

ವೇಲಿನ ಅಂಚನ್ನ ಬಾಯಿಗೆ ತುರುಕಿಕೊಂಡಳು. ಕಾಲೆತ್ತಿ ಒದ್ದಳು.

ನೀಲಾಂಬಿಕಾ ಪಾತ್ರೆಗಳ ಮೇಲೆ ಬಿದ್ದಳು. ತಟ್ಟೆಯೊಂದು ಬಹಳ ಹೊತ್ತು ತಿರುಗಿ ತಿರುಗಿ ನಿಂತಿತು. ಅವಳು ಎದ್ದಳು. ಬಟ್ಟೆ ಬ್ಯಾಗಿಗೆ ತುಂಬಿದಳು. ಶಿವಗಂಗಾ ವೇಲು ಕಚ್ಚಿಕೊಂಡೇ ಇದ್ದಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬಾಯಿ ಬಿಡಲಿಲ್ಲ.

ಹೊಸ್ತಿಲಲ್ಲಿ ನೀಲಾಂಬಿಕಾ ಒಮ್ಮೆ ತಿರುಗಿದಳು.

"ನಾಯಿಗೆ ಒದ್ದಂಗ ಒದ್ದಿಯಲ್ಲ ಗಂಗಿ. ಇನ್ನೊಂದ್ ಸಲ ಬ್ಯಾಡ ಅಂದಿದ್ರ ಬಿಡ್ತಿದ್ದೆ ನಾನು."